ನೀರು, ಎಣ್ಣೆ, ರೊಟ್ಟಿ, ಬೂದಿ

ಮಗುವನ್ನು ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ಕಥೋಲಿಕ ಗುರುಗಳು ಅದರ ತಲೆಯ ಮೇಲೆ ನೀರು ಸುರಿಯುತ್ತಾ "ದೀಕ್ಷಾಸ್ನಾನ ಕೊಡುತ್ತೇನೆ" ಅನ್ನುವ ಬದಲು "ಕೊಡುತ್ತೇವೆ" ಅಂದರೆ ಏನಾಗುತ್ತದೆ? ಕನ್ನಡದಲ್ಲಿ ಒಂದೇ ಅಕ್ಷರದ ವ್ಯತ್ಯಾಸ. 2020ರ ಆಗಸ್ಟ್‌ನಲ್ಲಿ ವ್ಯಾಟಿಕನ್ ಈ ಪ್ರಶ್ನೆಗೆ ಉತ್ತರ ಕೊಟ್ಟಿತು. ಹಾಗೆ ಅಂದಿದ್ದರೆ ದೀಕ್ಷಾಸ್ನಾನ ಆಗಿಯೇ ಇಲ್ಲ, ಮೊದಲಿನಿಂದ ಕೊಡಬೇಕು ಎಂಬುದೇ ಆ ಉತ್ತರ. ಅಮೆರಿಕದ ಡೆಟ್ರಾಯಿಟ್‌ನ ಒಬ್ಬ ಯುವ ಗುರುಗಳ (ಪಾದ್ರಿಯ) ಶೈಶವದ ದೀಕ್ಷಾಸ್ನಾನದ ವೀಡಿಯೊದಲ್ಲಿ ಈ "ನಾವು" ಇತ್ತು. ದೀಕ್ಷಾಸ್ನಾನ ಆಗದವರಿಗೆ ದೃಢೀಕರಣವಿಲ್ಲ (ತೈಲ ಹಚ್ಚಿ ವಿಶ್ವಾಸವನ್ನು ಗಟ್ಟಿಗೊಳಿಸುವ ವಿಧಿ), ಗುರುಗಳಾಗುವ ಗುರುದೀಕ್ಷೆಯೂ ಇಲ್ಲ. ಅಂದರೆ ಅವರು ಗುರುಗಳೇ ಆಗಿರಲಿಲ್ಲ. ಅವರು ಅರ್ಪಿಸಿದ ಪೂಜೆ, ಕೇಳಿದ ಪಾಪನಿವೇದನೆ ಎಲ್ಲವೂ ಪ್ರಶ್ನೆಗೆ ಒಳಗಾದವು. ಕೆಲವೇ ದಿನಗಳಲ್ಲಿ ಅವರು ದೀಕ್ಷಾಸ್ನಾನದಿಂದ ಆರಂಭಿಸಿ ಗುರುದೀಕ್ಷೆಯವರೆಗೆ ಎಲ್ಲವನ್ನೂ ಹೊಸದಾಗಿ ಪಡೆದರು.

ಹೊರಗಿನಿಂದ ನೋಡುವವರಿಗೆ ಇದು ಮಡಿಯ ಅತಿರೇಕ ಅನಿಸಬಹುದು. ಆದರೆ ಈ ಹಟದ ಬೇರು ಕ್ರೈಸ್ತ ವಿಶ್ವಾಸದ ನಡುಮನೆಯಲ್ಲೇ ಇದೆ. ದೀಕ್ಷಾಸ್ನಾನ ಕೊಡುವುದು ಊರ ಸಮುದಾಯವಲ್ಲ, ಗುರುಗಳ ಕೈ ಮತ್ತು ಬಾಯಿಯ ಮೂಲಕ ಕ್ರಿಸ್ತನೇ ಕೊಡುತ್ತಾನೆ ಎಂದು ಕಥೋಲಿಕ ಸಭೆ ನಂಬುತ್ತದೆ. ಹಾಗಾಗಿ ಅಲ್ಲಿ "ನಾನು" ಎಂಬುದನ್ನು ಬದಲಿಸುವ ಹಕ್ಕು ಯಾರಿಗೂ ಇಲ್ಲ.

ನಂಬಿಕೆಯನ್ನು ಚಿಕ್ಕದಾಗಿ ಹೇಳುವುದಾದರೆ ಹೀಗೆ: ದೇವರು ಒಬ್ಬನೇ, ಆದರೆ ಪಿತ, ಸುತ, ಪವಿತ್ರಾತ್ಮ ಎಂಬ ಮೂವರು ಆ ಒಂದೇ ದೈವತ್ವದಲ್ಲಿದ್ದಾರೆ. ಸುತನು ಮರಿಯಳ ಗರ್ಭದಲ್ಲಿ ನಿಜವಾದ ಮನುಷ್ಯನಾಗಿ ಹುಟ್ಟಿದನು. ಅವನೇ ಯೇಸು. ಶಿಲುಬೆಯಲ್ಲಿ ಸತ್ತನು, ಮೂರನೆಯ ದಿನ ದೇಹಸಮೇತ ಎದ್ದನು. ಕ್ರಿ.ಶ. 325ರ ನೈಸಿಯ ಮತ್ತು 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಗಳಲ್ಲಿ ರೂಪುಗೊಂಡ ವಿಶ್ವಾಸ ಪ್ರಮಾಣವನ್ನು ಇವತ್ತಿಗೂ ಭಾನುವಾರದ ಪೂಜೆಯಲ್ಲಿ ಜನ ಎದ್ದು ನಿಂತು ಹೇಳುತ್ತಾರೆ. ಅದರಲ್ಲಿ ಪೊಂತಿಯುಸ್ ಪಿಲಾತನೆಂಬ ರೋಮನ್ ಅಧಿಕಾರಿಯ ಹೆಸರಿದೆ. ಪ್ರಾರ್ಥನೆಯ ನಡುವೆ ಒಬ್ಬ ರಾಜ್ಯಪಾಲನ ಹೆಸರು ಏಕೆ? ಇದು ಇಂಥ ನಾಡಿನಲ್ಲಿ, ಇಂಥವನ ಆಡಳಿತದಲ್ಲಿ ನಡೆದದ್ದು ಎಂದು ಹೇಳುವುದಕ್ಕೆ. ದೇವರು ಮೈ ತಾಳಿದನೆಂದ ಮೇಲೆ ಅವನ ಕೃಪೆಯೂ ಮೈಗೆ ತಾಕುವ ವಸ್ತುಗಳ ಮೂಲಕವೇ ಬರುತ್ತದೆ. ನೀರು, ಎಣ್ಣೆ, ರೊಟ್ಟಿ, ದ್ರಾಕ್ಷಾರಸ, ಕೈ. ಹೀಗೆ ಕೃಪೆ ತರುವ ವಿಧಿಗೆ ಸಂಸ್ಕಾರ ಎನ್ನುತ್ತಾರೆ. ಪ್ರತಿ ಸಂಸ್ಕಾರಕ್ಕೂ ಒಂದು ವಸ್ತು ಅಥವಾ ಕ್ರಿಯೆ, ಒಂದು ವಾಕ್ಯ ಇರುತ್ತದೆ. ಎರಡರಲ್ಲಿ ಒಂದು ತಪ್ಪಿದರೂ ಸಂಸ್ಕಾರ ಆಗುವುದಿಲ್ಲ.

ಕಥೋಲಿಕರಿಗೆ ಇಂಥ ಸಂಸ್ಕಾರಗಳು ಏಳು. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಮುಂತಾದ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಎರಡು, ದೀಕ್ಷಾಸ್ನಾನ ಮತ್ತು ಕರ್ತನ ಭೋಜನ. ಕನ್ನಡದಲ್ಲೇ ಈ ಎರಡು ಮನೆಗಳ ಮಾತು ಬೇರೆ ಬೇರೆ. ಕಥೋಲಿಕರು "ಪಿತ, ಸುತ" ಅಂದರೆ ಪ್ರೊಟೆಸ್ಟೆಂಟರು "ತಂದೆ, ಮಗ" ಅನ್ನುತ್ತಾರೆ. ಅವರದು "ಪೂಜೆ", ಇವರದು "ಆರಾಧನೆ". ಕಥೋಲಿಕರ "ಪೂಜೆ" ಎಂಬ ಮಾತು ಕೆಲವರನ್ನು ಗೊಂದಲಕ್ಕೆ ಕೆಡವುತ್ತದೆ. ಮರಿಯಮ್ಮನ ಪ್ರತಿಮೆಗೆ ಹೂ ಹಾಕಿ ಮೇಣದ ಬತ್ತಿ ಹಚ್ಚುವುದು ಪೂಜೆಯಲ್ಲ, ಗೌರವ. ಪೂಜೆ ಎಂದರೆ ಬಲಿಪೀಠದ ಮೇಲೆ ರೊಟ್ಟಿ ಮತ್ತು ದ್ರಾಕ್ಷಾರಸವಿಟ್ಟು ಅರ್ಪಿಸುವ ಬಲಿಪೂಜೆ ಒಂದೇ, ಅದು ಸಲ್ಲುವುದು ದೇವರಿಗೆ ಮಾತ್ರ.

ದೀಕ್ಷಾಸ್ನಾನದಲ್ಲಿ ನೋಡಬೇಕಾದದ್ದು ನೀರು. ಬಾವಿಯದಾಗಲಿ, ನಲ್ಲಿಯದಾಗಲಿ, ಸಮುದ್ರದ್ದಾಗಲಿ, ನಿಜವಾದ ನೀರು ಆಗಿರಬೇಕು. ಹಾಲು ಆಗದು, ಎಳನೀರು ಆಗದು. ಮೂರು ಸಲ ಸುರಿಯುತ್ತಾರೆ, ಪಿತನ ಹೆಸರಿಗೆ ಒಮ್ಮೆ, ಸುತನ ಹೆಸರಿಗೆ ಒಮ್ಮೆ, ಪವಿತ್ರಾತ್ಮರ ಹೆಸರಿಗೆ ಒಮ್ಮೆ. ನೀರು ಚರ್ಮಕ್ಕೆ ತಾಕಿ ಹರಿಯಬೇಕು. ದಟ್ಟ ಕೂದಲಿನ ಮಗುವಿಗೆ ಬೆರಳ ತುದಿಯಿಂದ ನಾಲ್ಕು ಹನಿ ಚಿಮುಕಿಸಿದರೆ ಕೂದಲು ಒದ್ದೆಯಾಗುತ್ತದೆ, ನೆತ್ತಿ ಒಣಗಿಯೇ ಇರುತ್ತದೆ. ಮಗುವಿಗೆ ಶೀತವಾದೀತೆಂದು ಹೀಗೆ ಜಿಪುಣತನ ಮಾಡುವವರುಂಟು. ನೀರನ್ನು ಸ್ವಲ್ಪ ಬೆಚ್ಚಗೆ ಮಾಡಿಟ್ಟು ಧಾರಾಳವಾಗಿ ಸುರಿಯುವುದೇ ಸರಿ. ಸಂತ ಪೌಲನು ಇದನ್ನು ಕ್ರಿಸ್ತನೊಂದಿಗೆ ಹೂಳಲ್ಪಟ್ಟು ಏಳುವುದಕ್ಕೆ ಹೋಲಿಸಿದ್ದಾನೆ. ನಾಲ್ಕು ಹನಿಯಲ್ಲಿ ಮುಳುಗಿ ಏಳುವ ಆ ಚಿತ್ರ ಯಾರ ಕಣ್ಣಿಗೂ ಕಟ್ಟುವುದಿಲ್ಲ.

ನೀರಿನ ನಂತರ ನೆತ್ತಿಗೆ ಪರಿಮಳ ತೈಲ, ಮೈಗೆ ಬಿಳಿ ಬಟ್ಟೆ, ಪಾಸ್ಕ (ಈಸ್ಟರ್) ಹಬ್ಬದಲ್ಲಿ ಆಶೀರ್ವದಿಸಿದ ದೊಡ್ಡ ಪಾಸ್ಕ ಬತ್ತಿಯಿಂದ ಹಚ್ಚಿಕೊಂಡ ಸಣ್ಣ ಮೇಣದ ಬತ್ತಿ. ಜ್ಞಾನತಂದೆ ಅಥವಾ ಜ್ಞಾನತಾಯಿ ಒಬ್ಬರಾದರೂ ಬೇಕು. ಅವರಿಗೆ ಸಾಮಾನ್ಯ ನಿಯಮದಂತೆ 16 ವರ್ಷ ತುಂಬಿರಬೇಕು, ದೃಢೀಕರಣ ಆಗಿರಬೇಕು, ಹೆತ್ತವರೇ ಆ ಸ್ಥಾನದಲ್ಲಿ ನಿಲ್ಲುವಂತಿಲ್ಲ. ಸ್ನೇಹಕ್ಕೆ, ಅಂತಸ್ತಿಗೆ ನೋಡಿ ಆರಿಸಿ, ಕೊನೆಯ ವಾರದಲ್ಲಿ ದೃಢೀಕರಣದ ಪತ್ರವಿಲ್ಲವೆಂದು ಗೊತ್ತಾಗಿ ಪೇಚಾಡುವ ಮನೆಗಳು ಬಹಳ.

ಇಷ್ಟೆಲ್ಲ ನಿಯಮವಿರುವ ಸಭೆಯೇ ಇನ್ನೊಂದು ಬಾಗಿಲನ್ನು ಪೂರ್ತಿ ತೆರೆದಿಟ್ಟಿದೆ. ಮಗು ಸಾಯುವ ಸ್ಥಿತಿಯಲ್ಲಿದ್ದರೆ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು. ಕ್ರೈಸ್ತರೇ ಆಗಬೇಕಿಲ್ಲ. ಸಭೆ ಏನನ್ನು ಮಾಡುತ್ತದೋ ಅದನ್ನೇ ಮಾಡುವ ಮನಸ್ಸಿರಬೇಕು, ಅಷ್ಟೆ. ಹಿಂದೂ ನರ್ಸೊಬ್ಬರು ಅವಧಿಗೆ ಮುಂಚೆ ಹುಟ್ಟಿದ ಕೂಸಿನ ಹಣೆಯ ಮೇಲೆ ಸಿರಿಂಜಿನಿಂದ ನೀರು ಹರಿಸುತ್ತಾ "ಪಿತನ, ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ ನಾನು ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ" ಅಂದರೆ ಅದು ಜಗದ್ಗುರುಗಳಾದ ಪೋಪರು ಕೊಟ್ಟದ್ದಕ್ಕೆ ಎಳ್ಳಷ್ಟೂ ಕಡಿಮೆಯಲ್ಲ. ಮಗು ಉಳಿದರೆ ಮುಂದೆ ಚರ್ಚಿನಲ್ಲಿ ತೈಲ, ಬಿಳಿ ಬಟ್ಟೆ, ಬತ್ತಿ ಇಷ್ಟನ್ನು ಪೂರೈಸುತ್ತಾರೆ, ನೀರನ್ನು ಮತ್ತೆ ಸುರಿಯುವುದಿಲ್ಲ. ದೀಕ್ಷಾಸ್ನಾನ ಜೀವನದಲ್ಲಿ ಒಮ್ಮೆ ಮಾತ್ರ. ಸಿ.ಎಸ್.ಐ. ಸಭೆಯಿಂದ ಬಂದವರಿಗೂ ಕಥೋಲಿಕರು ಮತ್ತೆ ಕೊಡುವುದಿಲ್ಲ. ಕೊಟ್ಟಿದ್ದಾರೋ ಇಲ್ಲವೋ ಎಂಬ ನಿಜವಾದ ಅನುಮಾನ ಉಳಿದರೆ "ನಿನಗೆ ದೀಕ್ಷಾಸ್ನಾನ ಆಗಿರದಿದ್ದರೆ" ಎಂಬ ಷರತ್ತು ಸೇರಿಸಿ ಕೊಡುತ್ತಾರೆ. ಬ್ಯಾಪ್ಟಿಸ್ಟ್ ಮತ್ತು ಪೆಂಟೆಕೋಸ್ಟ್ ಸಭೆಗಳ ದಾರಿ ಬೇರೆ. ತಿಳಿವಳಿಕೆ ಬಂದವರು ತಾವಾಗಿ ಕೇಳಿ, ಪೂರ್ತಿ ಮುಳುಗಿ ಎದ್ದರಷ್ಟೇ ಅವರಿಗೆ ದೀಕ್ಷಾಸ್ನಾನ.

ಮೇಲೆ ಹೇಳಿದ ತೈಲ ಅಂಗಡಿಯಿಂದ ತಂದು ನೇರವಾಗಿ ಹಚ್ಚುವಂಥದ್ದಲ್ಲ. ವರ್ಷಕ್ಕೊಮ್ಮೆ, ಪಾಸ್ಕದ ಹಿಂದಿನ ಪವಿತ್ರ ಗುರುವಾರ ಅಥವಾ ಅದರ ಹತ್ತಿರದ ದಿನ, ಬಿಷಪರು ಪ್ರಧಾನಾಲಯದಲ್ಲಿ ತಮ್ಮ ಧರ್ಮಪ್ರಾಂತ್ಯದ ಗುರುಗಳನ್ನೆಲ್ಲ ಸೇರಿಸಿ ಮೂರು ತೈಲಗಳನ್ನು ಸಿದ್ಧಪಡಿಸುತ್ತಾರೆ. ದೀಕ್ಷಾರ್ಥಿಗಳ ತೈಲ, ಅಸ್ವಸ್ಥರ ತೈಲ, ಮತ್ತು ಸುಗಂಧ ಬೆರೆಸಿದ ಪರಿಮಳ ತೈಲ. ಮೂರನೆಯದನ್ನು ಬಿಷಪರಲ್ಲದೆ ಬೇರೆ ಯಾರೂ ಪವಿತ್ರೀಕರಿಸುವಂತಿಲ್ಲ. ದೀಕ್ಷಾಸ್ನಾನ, ದೃಢೀಕರಣ, ಗುರುದೀಕ್ಷೆ, ಹೊಸ ಬಲಿಪೀಠದ ಪ್ರತಿಷ್ಠೆ ಎಲ್ಲಕ್ಕೂ ಅದೇ. ಒಂದು ಹಳ್ಳಿಯ ಚರ್ಚಿಗೆ ವರ್ಷಕ್ಕೆ ಸಾಲುವಷ್ಟು ತೈಲ ಸಣ್ಣ ಶೀಸೆಗಳಲ್ಲಿ ಹೋಗುತ್ತದೆ, ಮುಂದಿನ ವರ್ಷ ಉಳಿದ ಹಳೆಯದನ್ನು ಸುಟ್ಟುಬಿಡುತ್ತಾರೆ. ಮೊದಲು ಆಲಿವ್ ಎಣ್ಣೆಯೇ ಆಗಬೇಕಿತ್ತು. ಲೋಕದ ಬಿಷಪರು ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ, ಆಲಿವ್ ಸಿಗುವುದು ಕಷ್ಟವಾದ ನಾಡುಗಳಲ್ಲಿ ಇತರ ಸಸ್ಯಜನ್ಯ ಎಣ್ಣೆಗೂ ಅನುಮತಿ ಸಿಕ್ಕಿತು. ತೆಂಗು, ಎಳ್ಳು ಬೆಳೆಯುವ ನಮ್ಮ ಸೀಮೆಗೆ ಇದು ದೊಡ್ಡ ಅವಕಾಶ.

ಅಸ್ವಸ್ಥರ ಅಭಿಷೇಕದಲ್ಲಿ ಆಗುವ ತಪ್ಪು ಒಂದೇ, ಅದು ಪದೇ ಪದೇ ಆಗುತ್ತದೆ. ಇದನ್ನು ಸಾವಿನ ಸಂಸ್ಕಾರ ಎಂದು ತಿಳಿದು, ಕರೆದರೆ ಅಪಶಕುನವಾದೀತೆಂದು ಹೆದರಿ, ಉಸಿರು ನಿಂತ ಮೇಲೆ ಗುರುಗಳಿಗೆ ಫೋನ್ ಮಾಡುತ್ತಾರೆ. ಸತ್ತವರಿಗೆ ಅಭಿಷೇಕವಿಲ್ಲ. ಗುರುಗಳು ಬಂದು ಪ್ರಾರ್ಥಿಸಬಹುದು, ಅಷ್ಟೆ. ಇದು ಗಂಭೀರವಾಗಿ ಕಾಯಿಲೆ ಬಿದ್ದವರಿಗೆ, ದೊಡ್ಡ ಶಸ್ತ್ರಚಿಕಿತ್ಸೆಗೆ ಹೋಗುವವರಿಗೆ, ಮುಪ್ಪಿನಿಂದ ಬಲಗುಂದಿದವರಿಗೆ ಇರುವ ಸಂಸ್ಕಾರ. ಚೇತರಿಸಿಕೊಂಡು ಮತ್ತೆ ಕಾಯಿಲೆಯಾದರೆ ಮತ್ತೆ ಪಡೆಯಬಹುದು. ರೋಗಿಗೆ ಪ್ರಜ್ಞೆ ಇರುವಾಗಲೇ ಕರೆಯಬೇಕು, ಆಗ ಪಾಪನಿವೇದನೆ ಮಾಡಲೂ ಪರಮಪ್ರಸಾದ (ಪೂಜೆಯಲ್ಲಿ ಪವಿತ್ರೀಕರಿಸಿದ ರೊಟ್ಟಿ) ಸ್ವೀಕರಿಸಲೂ ಆಗುತ್ತದೆ. ಮನೆಯಲ್ಲಿ ಒಂದು ಪುಟ್ಟ ಮೇಜು, ಬಿಳಿ ಬಟ್ಟೆ, ಶಿಲುಬೆ, ಬತ್ತಿ, ಸ್ವಲ್ಪ ಹತ್ತಿ, ಒಂದು ಲೋಟ ನೀರು ಇಟ್ಟರೆ ಸಾಕು. ಎಣ್ಣೆ ಹಚ್ಚುವುದು ಹಣೆಗೆ ಮತ್ತು ಕೈಗಳಿಗೆ.

ಭಾನುವಾರದ ಬಲಿಪೂಜೆಗೆ ಎರಡು ಮೈ. ಮೊದಲು ವಾಕ್ಯ, ಆಮೇಲೆ ಪ್ರಸಾದ. ವಾಕ್ಯದ ಭಾಗದಲ್ಲಿ ಹಳೆಯ ಒಡಂಬಡಿಕೆಯಿಂದ ಒಂದು ವಾಚನ, ಕೀರ್ತನೆ, ಪ್ರೇಷಿತರ ಪತ್ರ, ನಂತರ ಎಲ್ಲರೂ ಎದ್ದು ನಿಂತು ಕೇಳುವ ಶುಭಸಂದೇಶ, ಅಂದರೆ ಯೇಸುವಿನ ಜೀವನದ ವೃತ್ತಾಂತ. ಮೂರು ವರ್ಷದ ಸುತ್ತು. ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ. ಯೊವಾನ್ನನ ಶುಭಸಂದೇಶ ಹಬ್ಬಹರಿದಿನಗಳಿಗೆ ಹಂಚಿಹೋಗಿದೆ. ಲೋಕದ ಯಾವ ಮೂಲೆಯಲ್ಲಿ ರೋಮನ್ ವಿಧಿಯ ಪೂಜೆಗೆ ಹೋದರೂ ಆ ಭಾನುವಾರ ಇದೇ ವಾಚನ. ದುಬೈಗೆ ದುಡಿಯಲು ಹೋದ ಕನ್ನಡಿಗನೂ ಹಾಸನದಲ್ಲಿರುವ ಅವನ ತಾಯಿಯೂ ಒಂದೇ ವಾರ ಒಂದೇ ಮಾತನ್ನು ಕೇಳುತ್ತಾರೆ.

ಬಲಿಪೂಜೆಯ ರೊಟ್ಟಿ ಗೋಧಿಹಿಟ್ಟು ಮತ್ತು ನೀರಿನದು, ಅಷ್ಟೆ. ಉಪ್ಪಿಲ್ಲ, ಸಕ್ಕರೆಯಿಲ್ಲ, ಹುಳಿಯಿಲ್ಲ, ಎಣ್ಣೆಯಿಲ್ಲ. ಅಕ್ಕಿ, ರಾಗಿ ಬೆರೆಸಿ ಅದು ಗೋಧಿಯ ರೊಟ್ಟಿ ಅನ್ನಿಸಿಕೊಳ್ಳದ ಹಾಗಾದರೆ ಪೂಜೆ ನೆರವೇರುವುದಿಲ್ಲ. ಗೋಧಿಯ ಅಂಟು ಒಗ್ಗದವರಿಗೆ ಅಂಟು ತೀರಾ ಕಡಿಮೆ ಮಾಡಿದ ರೊಟ್ಟಿಗೆ ಅನುಮತಿ ಇದೆ, ಪೂರ್ತಿ ಅಂಟಿಲ್ಲದ್ದಕ್ಕೆ ಇಲ್ಲ. ಅದೂ ಒಗ್ಗದಿದ್ದರೆ ದ್ರಾಕ್ಷಾರಸ ಮಾತ್ರ ಸ್ವೀಕರಿಸಬಹುದು. ರೊಟ್ಟಿ ಮಾಡುವ ಕೆಲಸ ಹೆಚ್ಚಾಗಿ ಕನ್ಯಾಮಠಗಳದು. ನೀರುದೋಸೆಯ ಹದಕ್ಕೆ ಹಿಟ್ಟು ಕಲಸಿ, ಶಿಲುಬೆಯ ಅಚ್ಚಿರುವ ಎರಡು ಕಾದ ಹಂಚುಗಳ ನಡುವೆ ಹರಡಿ ಒತ್ತುತ್ತಾರೆ. ಬರುವ ಹಾಳೆ ಹಪ್ಪಳದಂತೆ ಗರಿಗರಿ. ಹಾಗೇ ಕತ್ತರಿಸಿದರೆ ಅಂಚು ಒಡೆದು ಪುಡಿಯಾಗುತ್ತದೆ, ಅದಕ್ಕೇ ತೇವದ ಕೋಣೆಯಲ್ಲಿ ಕೆಲವು ಗಂಟೆ ಇಟ್ಟು ಮೆತ್ತಗಾದ ಮೇಲೆ ಗುಂಡಗೆ ಕತ್ತರಿಸಿ, ಮತ್ತೆ ಒಣಗಿಸಿ, ಪುಡಿಯನ್ನು ಜರಡಿ ಹಿಡಿಯುತ್ತಾರೆ. ಭಕ್ತರಿಗೆ ಕೊಡುವುದು ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು. ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯುವ ಭಯ, ಹಾಗಾಗಿ ಸ್ವಲ್ಪ ಸ್ವಲ್ಪವೇ ತರಿಸಿಕೊಳ್ಳಬೇಕು. ದ್ರಾಕ್ಷಾರಸವೂ ಶುದ್ಧ ದ್ರಾಕ್ಷಿಯದೇ ಆಗಬೇಕು. ಅರ್ಪಣೆಯ ಹೊತ್ತಿಗೆ ಅದಕ್ಕೊಂದು ಹನಿ ನೀರು ಸೇರಿಸುತ್ತಾರೆ, ಕ್ರಿಸ್ತನ ದೈವತ್ವದಲ್ಲಿ ನಮ್ಮ ಮನುಷ್ಯತ್ವ ಸೇರಿದ ಗುರುತಿಗೆ.

ಯೇಸು ಕಡೆಯ ಭೋಜನದಲ್ಲಿ ಆಡಿದ ಮಾತನ್ನು ಗುರುಗಳು ಉಚ್ಚರಿಸಿದ ಮೇಲೆ ಅದು ರೊಟ್ಟಿಯಲ್ಲ, ಕ್ರಿಸ್ತನ ಶರೀರ ಎಂಬುದು ಕಥೋಲಿಕ ವಿಶ್ವಾಸ. ಆಮೇಲಿನ ಎಚ್ಚರವೆಲ್ಲ ಇದರಿಂದಲೇ ಹುಟ್ಟಿದ್ದು. ನೆಲಕ್ಕೆ ಬಿದ್ದರೆ ಅದನ್ನು ತೆಗೆದು ನೀರಿನಲ್ಲಿ ಇಡುತ್ತಾರೆ, ಪೂರ್ತಿ ಕರಗಿ ರೊಟ್ಟಿಯ ರೂಪ ಅಳಿದ ಮೇಲೆ ಆ ನೀರನ್ನು ಯಾರೂ ತುಳಿಯದ ಮಣ್ಣಿಗೆ ಬಿಡುತ್ತಾರೆ. ಸ್ವೀಕರಿಸುವವರು ಒಂದು ಗಂಟೆ ಮುಂಚೆಯಿಂದ ಏನೂ ತಿನ್ನಬಾರದು. ನೀರು, ಔಷಧಿಗೆ ಅಡ್ಡಿಯಿಲ್ಲ. ಕೈಯಲ್ಲಿ ಪಡೆಯುವವರು ಬಲಗೈ ಕೆಳಗೆ, ಎಡಗೈ ಮೇಲೆ ಇಟ್ಟು ಪಡೆದು ಅಲ್ಲೇ ನಿಂತು ಸೇವಿಸಬೇಕು. ಜೇಬಿಗೆ ಹಾಕಿಕೊಳ್ಳುವುದು, ಪ್ರಸಾದವೆಂದು ಮನೆಗೆ ಒಯ್ಯುವುದು ದೊಡ್ಡ ತಪ್ಪು. ಬೇರೆ ಧರ್ಮದ ಗೆಳೆಯರು ಮದುವೆಗೋ ತಿಥಿಗೋ ಬಂದಾಗ ಇಲ್ಲೇ ಅಚಾತುರ್ಯವಾಗುವುದು. ದೇವಸ್ಥಾನದ ಪ್ರಸಾದದಂತೆ ಇದೂ ಎಲ್ಲರಿಗೂ ಎಂದುಕೊಂಡು, ಬೇಡವೆಂದರೆ ಅವಮಾನವಾದೀತೆಂಬ ಒಳ್ಳೆಯ ಮನಸ್ಸಿನಿಂದಲೇ ಸಾಲಿಗೆ ನಿಲ್ಲುತ್ತಾರೆ. ತಮ್ಮ ಜಾಗದಲ್ಲೇ ಕೂತಿದ್ದರೆ ಯಾರಿಗೂ ಬೇಸರವಾಗುವುದಿಲ್ಲ. ಕರೆದ ಮನೆಯವರು ಇದನ್ನು ಮುಂಚೆಯೇ ಹೇಳಿಡುವುದು ಒಳ್ಳೆಯದು.

ಭಾರತದ ಪೂಜೆಗೆ ನಮ್ಮ ನೆಲದ ಭಂಗಿಗಳು ಬಂದದ್ದರಲ್ಲಿ ಬೆಂಗಳೂರಿನ ಪಾಲು ದೊಡ್ಡದು. 1969ರಲ್ಲಿ ರೋಮ್ 12 ಅಂಶಗಳಿಗೆ ಒಪ್ಪಿಗೆ ಕೊಟ್ಟಿತು. ಕೈ ಮುಗಿಯುವುದು, ಪಂಚಾಂಗ ಪ್ರಣಾಮ, ಪಾದರಕ್ಷೆ ಬಿಡುವುದು, ಆರತಿ, ಎಣ್ಣೆಯ ದೀಪ ಅವುಗಳಲ್ಲಿ ಕೆಲವು. ಬೈಬಲ್, ಧರ್ಮಬೋಧೆ ಮತ್ತು ಪೂಜಾವಿಧಿಗಳ ರಾಷ್ಟ್ರೀಯ ಕೇಂದ್ರವಾದ ಬೆಂಗಳೂರಿನ ಎನ್.ಬಿ.ಸಿ.ಎಲ್.ಸಿ.ಯನ್ನು ಕಟ್ಟಿದ ಫಾದರ್ ಡಿ.ಎಸ್. ಅಮಲೋರ್ಪವದಾಸ್ ಇದರ ಮುಂಚೂಣಿಯಲ್ಲಿದ್ದರು. ಮುಂದೆ ಮೈಸೂರಿನಲ್ಲಿ ಅಂಜಲಿ ಆಶ್ರಮ ಕಟ್ಟಿದವರೂ ಅವರೇ. ಆ ಕಾಲಕ್ಕೆ ಕಥೋಲಿಕರಲ್ಲೇ ಬಹಳ ಮಂದಿ ಇದನ್ನು ವಿರೋಧಿಸಿದರು. ಆರತಿಯ ಬೆಳಕಿನಲ್ಲಿ ಬಲಿಪೀಠವನ್ನು ಕಂಡವರಿಗೆ ಅದು ಹೊರಗಿನಿಂದ ತಂದು ಅಂಟಿಸಿದ್ದು ಅನಿಸುವುದಿಲ್ಲ ಎಂಬುದು ಈ ಲೇಖನದ ಖಚಿತ ಅಭಿಪ್ರಾಯ.

ವರ್ಷದ ಲೆಕ್ಕ ಯೇಸು ಎದ್ದ ದಿನವಾದ ಪಾಸ್ಕ ಹಬ್ಬದಿಂದ. ಮಾರ್ಚ್ 21 ಅಥವಾ ಅದರ ನಂತರದ ಮೊದಲ ಹುಣ್ಣಿಮೆ ಕಳೆದು ಬರುವ ಭಾನುವಾರವೇ ಪಾಸ್ಕ. 2026ರಲ್ಲಿ ಏಪ್ರಿಲ್ 2ರಂದು ಹುಣ್ಣಿಮೆ, ಏಪ್ರಿಲ್ 5ರಂದು ಪಾಸ್ಕ. ಅಲ್ಲಿಂದ 46 ದಿನ ಹಿಂದಕ್ಕೆ ಎಣಿಸಿದರೆ, ಹಣೆಗೆ ಬೂದಿ ಹಚ್ಚಿ ತಪಸ್ಸು ಕಾಲವನ್ನು ಆರಂಭಿಸುವ ಬೂದಿ ಬುಧವಾರ, ಫೆಬ್ರುವರಿ 18. ನಡುವಿನ ಆರು ಭಾನುವಾರ ಉಪವಾಸದ ಲೆಕ್ಕಕ್ಕಿಲ್ಲ, ಹಾಗಾಗಿ ತಪಸ್ಸು ಕಾಲ 40 ದಿನ.

ಬೂದಿ ಬರುವುದು ಹಿಂದಿನ ವರ್ಷದ ಗರಿಗಳ ಭಾನುವಾರ, ಅಂದರೆ ಪಾಸ್ಕಕ್ಕೆ ಒಂದು ವಾರ ಮುಂಚೆ, ಹಂಚಿದ ಗರಿಗಳಿಂದ. ನಮ್ಮಲ್ಲಿ ಹೆಚ್ಚಾಗಿ ತೆಂಗಿನ ಎಳೆಯ ಗರಿ. ಪೂಜೆಯಾದ ಮೇಲೆ ಮನೆಗೆ ತಂದು, ಶಿಲುಬೆಯ ಹಿಂದೆ ಸಿಕ್ಕಿಸಿ, ವರ್ಷವಿಡೀ ಇಟ್ಟು, ಬೂದಿ ಬುಧವಾರಕ್ಕೆ ಮುಂಚೆ ಚರ್ಚಿಗೆ ಹಿಂದಿರುಗಿಸುತ್ತಾರೆ. ಚೆನ್ನಾಗಿ ಒಣಗಿದ್ದನ್ನೇ ಕಬ್ಬಿಣದ ಬಾಣಲೆಯಲ್ಲಿ ಸುಟ್ಟು, ಆರಿದ ಮೇಲೆ ಪುಡಿಮಾಡಿ, ತೆಳು ಬಟ್ಟೆಯಲ್ಲಿ ಸೋಸಬೇಕು. ಒಂದು ಬಟ್ಟಲು ಬೂದಿ ನೂರಾರು ಹಣೆಗೆ ಸಾಕು. ಅಂಟಿಕೊಳ್ಳಲೆಂದು ನೀರು ಕಲಸಿ ಹಿಂದಿನ ರಾತ್ರಿಯೇ ಇಡುವುದು ಅಪಾಯ. ಬೂದಿಗೆ ನೀರು ಸೇರಿದರೆ ಕ್ಷಾರ. ಹಿಂದೆ ಬಟ್ಟೆ ಒಗೆಯಲು ಬಳಸುತ್ತಿದ್ದ ಬೂದಿನೀರು ಅದೇ ತಾನೆ? ಮಕ್ಕಳ ಹಣೆಯ ಚರ್ಮ ಸುಟ್ಟು ಗುಳ್ಳೆ ಏಳಬಹುದು. ಒಣ ಬೂದಿಯೇ ಕ್ಷೇಮ. ಹಣೆಗೆ ಹಚ್ಚುವಾಗ ಗುರುಗಳು ಆದಿಕಾಂಡದ ಮಾತನ್ನು ನೆನಪಿಸುತ್ತಾರೆ, ನೀನು ಮಣ್ಣು, ಮಣ್ಣಿಗೇ ಮರಳುವೆ ಎಂದು. ಅಂದು ಮತ್ತು ಶುಭ ಶುಕ್ರವಾರ 18ರಿಂದ 59 ವರ್ಷದವರಿಗೆ ಉಪವಾಸ ಕಡ್ಡಾಯ. ಒಂದು ಹೊತ್ತು ಪೂರ್ತಿ ಊಟ, ಉಳಿದೆರಡು ಹೊತ್ತು ಚೂರು ಪಾರು. 14 ದಾಟಿದವರಿಗೆ ಮಾಂಸ ವರ್ಜ್ಯ.

ಶುಭ ಶುಕ್ರವಾರದ ಹೆಸರು ಕೇಳಿ ಶುಭಾಶಯ ಕಳಿಸುವವರಿದ್ದಾರೆ. ಅದು ಯೇಸು ಸತ್ತ ದಿನ. ಅಂದು ಬಲಿಪೂಜೆ ಇಲ್ಲ. ಬಲಿಪೀಠದ ಮೇಲೆ ಬಟ್ಟೆಯಿಲ್ಲ, ಬತ್ತಿಯಿಲ್ಲ. ಗುರುವಾರ ಸಂಜೆಯಿಂದ ಗಂಟೆಗಳು ಮೌನ, ಬೇಕಾದಲ್ಲಿ ಮರದ ಗಿಲಕಿ ಬಡಿಯುತ್ತಾರೆ. ಮಧ್ಯಾಹ್ನ ಮೂರರ ಸುಮಾರಿಗೆ ವಿಧಿ ಶುರುವಾಗುತ್ತದೆ. ಗುರುಗಳು ಮಾತಿಲ್ಲದೆ ಬಂದು ನೆಲಕ್ಕೆ ಬೋರಲಾಗಿ ಬೀಳುತ್ತಾರೆ. ಯೊವಾನ್ನನು ಬರೆದ ಯಾತನೆಯ ವೃತ್ತಾಂತ, ಯೆಹೂದ್ಯರಿಗಾಗಿ, ದೇವರನ್ನು ನಂಬದವರಿಗಾಗಿಯೂ ಸೇರಿದಂತೆ ಹತ್ತು ಪ್ರಾರ್ಥನೆ, ಶಿಲುಬೆಗೆ ಮುತ್ತು, ಗುರುವಾರವೇ ಪವಿತ್ರೀಕರಿಸಿಟ್ಟ ಪರಮಪ್ರಸಾದ.

ಶನಿವಾರ ಕತ್ತಲಾದ ಮೇಲೆ ಹೊರಗೆ ಬೆಂಕಿ ಹಾಕುತ್ತಾರೆ. ಹೊಸ ಪಾಸ್ಕ ಬತ್ತಿಯ ಮೇಲೆ ಶಿಲುಬೆ, ಗ್ರೀಕಿನ ಮೊದಲ ಮತ್ತು ಕಡೆಯ ಅಕ್ಷರ, ಆ ವರ್ಷದ ನಾಲ್ಕು ಅಂಕಿ ಕೊರೆದು, ಐದು ಗಾಯಗಳ ಗುರುತಿಗೆ ಐದು ಸಾಂಬ್ರಾಣಿ ಹರಳು ಚುಚ್ಚುತ್ತಾರೆ. ದೀಪವೇ ಇಲ್ಲದ ಚರ್ಚಿನೊಳಗೆ ಆ ಒಂದು ಜ್ವಾಲೆ ಹೋಗಿ, ಬತ್ತಿಯಿಂದ ಬತ್ತಿಗೆ ಹರಡಿ ಇಡೀ ಗುಡಿ ಬೆಳಗುವುದು ಕ್ರೈಸ್ತ ವರ್ಷದಲ್ಲೇ ಅತಿ ಸುಂದರ ಗಳಿಗೆ. ಸಂಜೆ ಆರಕ್ಕೇ ಮುಗಿಸಿಬಿಡೋಣ ಎನ್ನುವ ಕಡೆಗಳಲ್ಲಿ ಇದು ಕೆಡುತ್ತದೆ. ಕಿಟಕಿಯಲ್ಲಿ ಬಿಸಿಲಿದ್ದರೆ ಬತ್ತಿಗೆ ಏನು ಕೆಲಸ? ರಾತ್ರಿಯಾದ ಮೇಲೇ ಆರಂಭಿಸಬೇಕೆಂದು ನಿಯಮವೇ ಇದೆ. ಹಳೆಯ ಒಡಂಬಡಿಕೆಯ ಏಳು ವಾಚನಗಳಲ್ಲಿ ಕೆಲವನ್ನು ಬಿಡಬಹುದು, ಕೆಂಪು ಸಮುದ್ರ ದಾಟಿದ ವಾಚನವನ್ನು ಮಾತ್ರ ಬಿಡುವಂತಿಲ್ಲ. ಏಕೆಂದರೆ ಮುಂದಿನದು ನೀರು. ಅದೇ ಬತ್ತಿಯನ್ನು ನೀರಿಗೆ ಇಳಿಸಿ ಆಶೀರ್ವದಿಸಿ, ಆ ನೀರಿನಲ್ಲಿ ವಯಸ್ಕರಿಗೆ ದೀಕ್ಷಾಸ್ನಾನ ಕೊಡುತ್ತಾರೆ.

ಮದುವೆಯಲ್ಲಿ ಸಂಸ್ಕಾರವನ್ನು ಕೊಡುವವರು ಗುರುಗಳಲ್ಲ, ವಧೂವರರೇ. ಗುರುಗಳು ಸಭೆಯ ಪರವಾಗಿ ಒಪ್ಪಿಗೆ ಕೇಳಿ ಸ್ವೀಕರಿಸುತ್ತಾರೆ, ಇಬ್ಬರು ಸಾಕ್ಷಿಗಳು ಬೇಕು. ಒಪ್ಪಿಗೆಯೇ ಇಲ್ಲಿನ ಪ್ರಾಣ. ಹೆದರಿಸಿ ಒಪ್ಪಿಸಿದ್ದು ಸಾಬೀತಾದರೆ ಮದುವೆ ಆಗಿಯೇ ಇರಲಿಲ್ಲ ಎಂದು ಸಭೆಯ ನ್ಯಾಯಾಲಯ ತೀರ್ಪು ಕೊಡಬಹುದು. ಉಂಗುರದ ಜೊತೆಗೆ ನಮ್ಮಲ್ಲಿ ಶಿಲುಬೆಯೋ ಪಾರಿವಾಳವೋ ಇರುವ ತಾಳಿ ಕಟ್ಟುವುದುಂಟು. ಮಂಗಳೂರಿನ ಕೊಂಕಣಿ ಕಥೋಲಿಕರಲ್ಲಿ ಮದುವೆಯ ಮುನ್ನಾದಿನ ರೋಸ್. ಹಿರಿಯರು ತೆಂಗಿನ ಹಾಲು, ಎಣ್ಣೆ ಹಚ್ಚಿ ಹರಸಿ ಸ್ನಾನ ಮಾಡಿಸುವ ಶಾಸ್ತ್ರ ಅದು. ಸಂಸ್ಕಾರವಲ್ಲ, ಮಣ್ಣಿನ ಪದ್ಧತಿ, ಬಹಳ ಚೆಂದದ್ದು. ಮೊಟ್ಟೆ, ಸಾಸ್ ಸುರಿದು ಅದನ್ನು ಮೋಜಾಗಿಸುವುದು ನೋವಿನ ಸಂಗತಿ.

ಓಡಾಟವೆಲ್ಲ ಕಾಗದಕ್ಕೆ. ದೀಕ್ಷಾಸ್ನಾನದ ಪತ್ರ ಆರು ತಿಂಗಳೊಳಗೆ ಹೊಸದಾಗಿ ಪಡೆದದ್ದಾಗಿರಬೇಕು. ಚಿಕ್ಕಂದಿನ ಹಳೆಯ ಪತ್ರ ನಡೆಯದು. ಕಾರಣವಿದೆ. ದೀಕ್ಷಾಸ್ನಾನವಾದ ಚರ್ಚಿನ ದಾಖಲೆ ಪುಸ್ತಕದಲ್ಲಿ ಹೆಸರಿನ ಪಕ್ಕದ ಅಂಚಿನಲ್ಲಿ ದೃಢೀಕರಣ, ಮದುವೆ, ಗುರುದೀಕ್ಷೆ ಎಲ್ಲವೂ ದಾಖಲಾಗುತ್ತವೆ. ಹೊಸ ಪ್ರತಿ ತರಿಸಿದರೆ ಈಗಾಗಲೇ ಮದುವೆಯಾಗಿದ್ದು ಬಯಲಾಗುತ್ತದೆ. ಚರ್ಚಿನಲ್ಲಿ ಮದುವೆಯ ಪ್ರಕಟಣೆ ಓದುವುದೂ ಅದಕ್ಕೇ, ತಿಳಿದವರು ಅಡ್ಡಿ ಹೇಳಲೆಂದು. ಶಾಲೆಯ ಪತ್ರದಲ್ಲಿ ಒಂದು ಹೆಸರು, ದೀಕ್ಷಾಸ್ನಾನದಲ್ಲಿ ಇನ್ನೊಂದು ಇದ್ದರೆ ಮೂರು ತಿಂಗಳು ಮುಂಚೆಯೇ ಸರಿಪಡಿಸಿಕೊಳ್ಳಬೇಕು. ವರ ಅಥವಾ ವಧು ಕ್ರೈಸ್ತರಲ್ಲದಿದ್ದರೆ ಬಿಷಪರ ವಿನಾಯಿತಿ ಬೇಕು, ಮತಾಂತರ ಬೇಕಿಲ್ಲ.

ಶವಸಂಸ್ಕಾರದಲ್ಲಿ ದೀಕ್ಷಾಸ್ನಾನದ ವಸ್ತುಗಳೇ ಮರಳಿ ಬರುತ್ತವೆ. ಪೆಟ್ಟಿಗೆಯ ಮೇಲೆ ತೀರ್ಥ ಪ್ರೋಕ್ಷಣೆ, ತಲೆದೆಸೆಯಲ್ಲಿ ಅದೇ ಪಾಸ್ಕ ಬತ್ತಿ. ಸಾಂಬ್ರಾಣಿಯ ಹೊಗೆ, ಪವಿತ್ರಾತ್ಮನ ಆಲಯವಾಗಿದ್ದ ದೇಹಕ್ಕೆ ಸಲ್ಲುವ ಗೌರವ. ಕ್ರೈಸ್ತರು ಮರುಹುಟ್ಟನ್ನು ನಂಬುವುದಿಲ್ಲ, ಕಡೆಯ ದಿನ ಈ ದೇಹವೇ ರೂಪಾಂತರ ಹೊಂದಿ ಏಳುತ್ತದೆ ಎಂದು ನಂಬುತ್ತಾರೆ. ಹೂಳುವ ಪದ್ಧತಿ ಅದರಿಂದ ಬಂದದ್ದು. 1963ರಿಂದ ಕಥೋಲಿಕರಿಗೆ ದಹನಕ್ಕೂ ಅನುಮತಿ ಇದೆ. ಬೆಂಗಳೂರಿನಂಥ ಊರುಗಳಲ್ಲಿ ಸಮಾಧಿಗೆ ಜಾಗವೇ ಸಿಗದಿರುವಾಗ ಅದು ದೊಡ್ಡ ಅನುಕೂಲ. ಆದರೆ ಬೂದಿಯನ್ನು ಹೊಳೆಗೆ ಬಿಡುವಂತಿಲ್ಲ, ಗಾಳಿಗೆ ತೂರುವಂತಿಲ್ಲ, ಪವಿತ್ರ ಸ್ಥಳದಲ್ಲಿ ಇಡಬೇಕೆಂದು ವ್ಯಾಟಿಕನ್ನಿನ 2016ರ ಸೂಚನೆ ಹೇಳುತ್ತದೆ. ಏಳನೆಯ ದಿನ, ಮೂವತ್ತನೆಯ ದಿನ, ವರ್ಷಕ್ಕೊಮ್ಮೆ ಪೂಜೆ. ನವೆಂಬರ್ 2ರಂದು ಊರೇ ಸಮಾಧಿಗಳ ನಡುವೆ ಬತ್ತಿ ಹಚ್ಚುತ್ತದೆ. ಗೆಳೆಯರ ಮನೆಯ ಸಾವಿಗೆ ಹೋದ ಯಾವ ಧರ್ಮದವರೂ ಗುಂಡಿಗೆ ಒಂದು ಹಿಡಿ ಮಣ್ಣು ಹಾಕಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಸಾವು ಪಾಸ್ಕದ ಹಿಂದಿನ ಪವಿತ್ರ ವಾರದಲ್ಲಿ ಬಂದರೆ ಮನೆಯವರು ಒಂದು ವಿಷಯ ತಿಳಿದಿರಬೇಕು. ಗುರುವಾರ, ಶುಕ್ರವಾರ, ಶನಿವಾರ ಈ ಮೂರು ದಿನ ಯಾರ ಶವಕ್ಕೂ ಪೂಜೆ ಇಲ್ಲ. ಗುರುಗಳು ಬಂದು ವಾಚನ ಓದಿ, ಪ್ರಾರ್ಥಿಸಿ, ತೀರ್ಥ ಚಿಮುಕಿಸಿ ಮಣ್ಣು ಮಾಡುತ್ತಾರೆ. ಗಂಟೆ ಬಾರಿಸುವುದಿಲ್ಲ. ಪೂಜೆ ಪಾಸ್ಕದ ನಂತರ.